ಅತ್ತೆ ‘ಕಾಣ್ತದ’ ಅಂದರು

ಮದುವೆಯಾಗಿ ಸೊಲ್ಲಾಪುರದ ಮನೆಗೆ ಕಾಲಿಟ್ಟ ದಿನ ನನ್ನ ಅತ್ತೆ ನನ್ನ ಮುಖವನ್ನು ಬೆರಳುಗಳಿಂದ ನೋಡಿದರು. ಹಣೆಯಿಂದ ಶುರು ಮಾಡಿ ಹುಬ್ಬು, ಮೂಗು, ಗಲ್ಲ ದಾಟಿ ಕಿವಿಯ ತನಕ ಬಂದು, ‘ಮೂಗ ನೆಟ್ಟಗ ಅದ’ ಎಂದು ಕೈ ತೆಗೆದರು. ಸುತ್ತ ನಿಂತ ಹೆಂಗಸರು ನಕ್ಕರು. ನನಗೆ ನಗು ಬರಲಿಲ್ಲ. ಅಷ್ಟು ನಿಧಾನವಾಗಿ, ಅಷ್ಟು ಗಮನವಿಟ್ಟು ಅದುವರೆಗೆ ನನ್ನನ್ನು ಯಾರೂ ನೋಡಿರಲಿಲ್ಲ.

ಅದು ಎಪ್ಪತ್ತರ ದಶಕದ ನಡುಭಾಗ. ನನ್ನ ತವರು ಕಂದಲಗಾಂವ. ನಾವು ಹೊಲಮನೆಯವರು; ಊರ ಕನ್ನಡ ಸಾಲಿಯಲ್ಲಿ ಏಳನೆಯ ಇಯತ್ತೆಯ ತನಕ ಓದಿದ್ದೆ. ಗಂಡನ ಮನೆಯವರದು ಪೇಟೆಯಲ್ಲಿ ಚಾದರ, ಟಾವೆಲ್‌ಗಳ ಠೋಕ, ಅಂದರೆ ಸಗಟು ವ್ಯಾಪಾರ. ಮಾವ ಇರಲಿಲ್ಲ. ಗದ್ದುಗೆಯ ಮೇಲೆ ಕೂರುತ್ತಿದ್ದವರು ನನ್ನ ಗಂಡನಾದರೂ ಹಿಂದಿನ ಖೋಲಿಯಲ್ಲಿ ಕೂತು, ಚಾದರದ ಅಂಚನ್ನು ಬೆರಳ ನಡುವೆ ಉಜ್ಜಿ, ಯಾವ ನೂಲು, ಯಾವ ಗಲ್ಲಿಯ ಮಗ್ಗ ಎಂದು ಹೇಳುತ್ತಿದ್ದವರು ಅತ್ತೆ. ಅವರ ಬಲಗಣ್ಣಿಗೆ ಹಿಂದೆ ಯಾರೋ ಏನೋ ಔಷಧಿ ಹಿಂಡಿ ಅದು ಪೂರ್ತಿ ಹೋಗಿತ್ತು. ಎಡಗಣ್ಣಿಗೆ ಪೊರೆ ಬಂದಿತ್ತು. ನಮ್ಮ ಕಡೆ ಅದಕ್ಕೆ ಮೋತಿಬಿಂದು ಎನ್ನುತ್ತಾರೆ. ಒಂದು ಕಣ್ಣು ಕಳೆದುಕೊಂಡವರು ಇನ್ನೊಂದನ್ನು ಯಾರ ಕೈಗೂ ಕೊಡಲು ಒಪ್ಪಿರಲಿಲ್ಲ.

ನಾನು ಇಂಗ್ಲಿಷ್ ಕಲಿಯಲು ಹೋದದ್ದು ಅವರಿಂದಾಗಿಯೇ. ಒಂದು ಮಧ್ಯಾಹ್ನ ಮುಂಬಯಿಯಿಂದ ಒಬ್ಬ ಖರೀದಿದಾರ ಅಂಗಡಿಗೆ ಬಂದ. ಎಲ್ಲಿಯವನೋ ಏನೋ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಅವನ ಬಾಯಿಂದ ಬರಲಿಲ್ಲ. ನನ್ನ ಗಂಡ ಎಲ್ಲಕ್ಕೂ ‘ಯಸ್, ಯಸ್’ ಎಂದು ತಲೆಯಾಡಿಸಿ ಚಹಾ ಕುಡಿಸಿ ಕಳಿಸಿದರು. ಅವನು ಹೋದ ಮೇಲೆ ಒಳಗಿನಿಂದ ಅತ್ತೆಯ ದನಿ ಬಂತು.

‘ಅಷ್ಟೊತ್ತನ ಯಸ್ ಅಂದ್ಯಲ್ಲ, ಅಂವ ಏನ ಕೇಳಿದ?’

‘ತಿಳೀಲಿಲ್ಲಬೇ ಯವ್ವಾ.’

ಅತ್ತೆ ಕೈಯಲ್ಲಿದ್ದ ಚಾದರವನ್ನು ಮಡಚಿ ಪಕ್ಕಕ್ಕಿಟ್ಟರು. ಆಮೇಲೆ ಅಂದರು, ‘ನಿನಗ ಅಂಗಡಿ ಬಿಟ್ಟ ಹೋಗಾಕ ಆಗೂದಿಲ್ಲ. ನಿನ್ನ ಹೇಣ್ತಿ ಕಲೀಲಿ. ಮನ್ಯಾಗ ಒಬ್ಬರಿಗರೆ ಬರಬೇಕು.’

ಅವರ ಮಾತಿಗೆ ಎದುರು ಹೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ. ಮರುವಾರದಿಂದ ನಾನು ಮಧ್ಯಾಹ್ನದ ಊಟದ ಕೆಲಸ ಮುಗಿಸಿ, ಸೆರಗು ಹೊದ್ದು, ಹಿಂದಿನ ಗಲ್ಲಿಯ ವಾಡೆಯೊಂದರ ಮಹಡಿಗೆ ಹೋಗತೊಡಗಿದೆ. ಅಲ್ಲಿ ಸಾಲಿಯಿಂದ ನಿವೃತ್ತರಾದ ಒಬ್ಬ ಮಾಸ್ತರಿಣಿ ಇದ್ದರು. ನಮ್ಮ ಕಡೆ ಪಾಠ ಹೇಳುವ ಹೆಂಗಸನ್ನು ಬಾಯಿ ಎಂದು ಕರೆಯುತ್ತೇವೆ. ಬಾಯಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಆಡಿದ್ದು ಮರಾಠಿ, ನಾನು ಆಡಿದ್ದು ಮರಾಠಿ ಎಂದು ನಾನು ತಿಳಿದುಕೊಂಡಿದ್ದ ಏನೋ ಒಂದು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಮನೆಗೆ ಬಂದ ಕೂಡಲೆ ಅತ್ತೆ ಕೇಳುವುದಿತ್ತು, ‘ಇವತ್ತ ಏನ ಕಲಿಸಿದ್ರು?’ ಅವರ ಹತ್ತಿರ ಕೂತು, ಶೇಂಗಾ ಒಡೆಯುತ್ತಲೋ ಜೋಳ ಹಸನು ಮಾಡುತ್ತಲೋ ಅವತ್ತಿನ ಪಾಠವನ್ನೆಲ್ಲ ಹೇಳಬೇಕು. ಶಬ್ದಗಳು ಅವರಿಗೆ ಬೇಡವಾಗಿದ್ದವು. ಅವರು ಕೇಳುತ್ತಿದ್ದುದು, ಆ ಮಂದಿ ಹೇಗೆ ವಿಚಾರ ಮಾಡುತ್ತಾರೆ ಎಂಬುದನ್ನು.

ಎರಡನೆಯ ವರ್ಷ, ಗಣಪತಿ ಹಬ್ಬ ಮುಗಿದ ಮೇಲೆ ಬಾಯಿ ಒಂದು ಹೊಸ ಪಾಠ ತೆಗೆದರು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ಒಪ್ಪಿಸುವುದು ಹೇಗೆ ಎಂಬ ಪಾಠ.

‘ಹುಡುಗ, ನನಗೆ ಹಸಿವಾಗಿದೆ, ಅಂತ ಹೇಳಿದ ಅಂತಿಟ್ಟುಕೋ’ ಎಂದರು ಬಾಯಿ. ‘ನೀನು ಅದನ್ನು ಅವನ ತಾಯಿಗೆ ಮುಟ್ಟಿಸುವಾಗ, ಹುಡುಗ ತನಗೆ ಹಸಿವಾಗಿತ್ತು ಅಂತ ಹೇಳಿದ, ಎನ್ನಬೇಕು. ಈಸ್ ಇದ್ದದ್ದು ವಾಸ್ ಆಗುತ್ತದೆ. ಕ್ಯಾನ್ ಇದ್ದದ್ದು ಕುಡ್ ಆಗುತ್ತದೆ. ವಿಲ್ ಇದ್ದದ್ದು ವುಡ್. ಕ್ರಿಯಾಪದ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ.’

ನಾನು ಪಾಟಿಯ ಮೇಲೆ ಬರೆಯುವುದನ್ನು ನಿಲ್ಲಿಸಿದೆ. ‘ಆದರೆ ಬಾಯಿ, ಹುಡುಗನಿಗೆ ಇನ್ನೂ ಹಸಿವಾಗಿರುತ್ತದಲ್ಲ? ನಮ್ಮ ಮಾತಿನಲ್ಲಿ ಏನೂ ಸರಿಯುವುದಿಲ್ಲ. ಹಸಿವಾಗ್ಯದ ಅಂದಾನ, ಅಂತೀವಿ. ಅವನ ಮಾತು ಅವನ ಬಾಯಲ್ಲಿದ್ದ ಹಾಗೇ ಇರುತ್ತದೆ.’

‘ಮರಾಠಿಯಲ್ಲೂ ಹಾಗೇ’ ಎಂದು ಬಾಯಿ ನಕ್ಕರು. ‘ಇಷ್ಟು ವರ್ಷ ಪಾಠ ಹೇಳಿದ್ದೇನೆ, ಹುಡುಗನ ಹಸಿವೆಯ ಬಗ್ಗೆ ಯಾರೂ ಕೇಳಿರಲಿಲ್ಲ.’

ಆಮೇಲೆ ಅವರು ಸರಿಯದಿರುವ ಸಂದರ್ಭಗಳನ್ನು ಹೇಳಿದರು. ‘ಹೇಳುತ್ತಾನೆ’ ಎಂದು ವರ್ತಮಾನದಲ್ಲಿ ಶುರು ಮಾಡಿದರೆ ಮುಂದಿನದೂ ಇದ್ದ ಹಾಗೇ ಇರುತ್ತದೆ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬಂಥ ಎಂದೆಂದಿನ ಸತ್ಯವನ್ನು, ಅದನ್ನು ಹೇಳಿದವನು ಸತ್ತು ನೂರು ವರ್ಷವಾಗಿದ್ದರೂ ಸರಿಸುವುದಿಲ್ಲ. ಕೊನೆಯದನ್ನು ಹೇಳುವಾಗ ಬಾಯಿ ಕನ್ನಡಕ ತೆಗೆದು ಕೈಯಲ್ಲಿ ಹಿಡಿದರು.

‘ಆವತ್ತು ಹೇಳಿದ್ದು ಇವತ್ತೂ ನಿಜವಾಗಿಯೇ ಇದ್ದರೆ ಸರಿಸದೆ ಬಿಡಬಹುದು. ಅದು ಒಪ್ಪಿಸುವವರಿಗೆ ಬಿಟ್ಟದ್ದು. ಹಿಂದೆ ಸರಿಸಿದರೆ, ಅವರು ಹಾಗೆ ಹೇಳಿದರು, ಮುಂದಿನದು ನನಗೆ ಗೊತ್ತಿಲ್ಲ, ಅಂದ ಹಾಗೆ ಕೇಳಬಹುದು. ಸರಿಸದಿದ್ದರೆ, ಇದು ಈಗಲೂ ಹೀಗೇ ಇದೆ ಎಂದು ನೀನು ಜವಾಬ್ದಾರಿ ಹೊತ್ತ ಹಾಗೆ.’

ಆ ದಿನ ಮೆಟ್ಟಿಲಿಳಿದು ಬರುವಾಗ ನನ್ನ ಮೈ ಜುಮ್ಮೆನ್ನುತ್ತಿತ್ತು. ಒಂದು ಭಾಷೆ ತನ್ನ ಮಂದಿಯನ್ನು ಬಾಯಿ ತೆರೆದಾಗಲೆಲ್ಲ ಹೀಗೆ ಕೇಳುತ್ತದೆಯೆ? ನೀನು ಹೇಳುತ್ತಿರುವುದು ಇನ್ನೂ ಇದೆಯೋ, ಮುಗಿಯಿತೋ ಎಂದು? ಗಲ್ಲಿಯಲ್ಲಿ ಬಳೆಗಾರ ಕೂಗುತ್ತಿದ್ದ, ನೂಲಿನ ಹೊರೆ ಹೊತ್ತ ಸೈಕಲ್ಲುಗಳು ಹೋಗುತ್ತಿದ್ದವು. ಎಲ್ಲವೂ ನಿನ್ನೆಯಂತೆಯೇ ಇತ್ತು. ನನಗೆ ಮಾತ್ರ ಅವರಿವರು ಆಡುವ ಮಾತುಗಳೆಲ್ಲ ಬೇರೆಯಾಗಿ ಕೇಳಿಸುತ್ತಿದ್ದವು.

ಅತ್ತೆಗೆ ಹೇಳಿದೆ. ಅವರು ಶೇಂಗಾ ಒಡೆಯುವ ಕೈ ನಿಲ್ಲಿಸಿದರು.

‘ಅಂದ್ರ ಅವರ ಮಾತಿನ್ಯಾಗ ಹೇಳಿದ್ದೆಲ್ಲಾ ಹಳೇದಾಗಿ ಹೋಗ್ತದೇನು?’

‘ಎಲ್ಲಾ ಅಲ್ಲರಿ ಅತ್ತಿ. ಸೂರ್ಯಾ ಮೂಡಣಕ್ಕ ಹುಟ್ಟತಾನ ಅಂತ ಯಾರರೆ ಹೇಳಿದ್ರ ಅದನ್ನ ಸರಸೂದಿಲ್ಲರಿ. ಇನ್ನೂ ಖರೇ ಇದ್ದದ್ದನ್ನ ಸರಸದಿದ್ರೂ ನಡೀತದರಿ.’

‘ಶಾಣ್ಯಾ ಮಂದಿ’ ಎಂದು ಅತ್ತೆ ಮತ್ತೆ ಶೇಂಗಾ ಒಡೆಯತೊಡಗಿದರು.

ಆ ವರ್ಷ ದೀಪಾವಳಿ ಕಳೆದು ಚಳಿ ಬಿದ್ದಾಗ ಅಕ್ಕಲಕೋಟದಿಂದ ಅತ್ತೆಯ ಅಣ್ಣ ಬಂದರು. ಅಲ್ಲಿಯ ಒಂದು ಧರ್ಮಶಾಲೆಯಲ್ಲಿ ಕಣ್ಣಿನ ಶಿಬಿರ ನಡೆಯುವುದಿತ್ತು. ಮದ್ರಾಸಿನ ಕಡೆಯಿಂದ ದೊಡ್ಡ ಡಾಕ್ಟರೊಬ್ಬರು ಬರುತ್ತಾರೆ ಎಂದರು. ಅತ್ತೆ ಬೇಡವೆಂದರು. ಅಣ್ಣ ಎರಡು ದಿನ ಕೂತು ತಂಗಿಯನ್ನು ಒಪ್ಪಿಸಿಯೇ ಎದ್ದರು. ಅಂಗಡಿ ಬಿಡಲಾಗದ ಗಂಡನ ಬದಲು ನಾನು ಅತ್ತೆಯ ಕೈ ಹಿಡಿದು ಎಸ್‌ಟಿ ಬಸ್ಸು ಹತ್ತಿದೆ.

ಶಿಬಿರದ ದಿನ ಬೆಳಿಗ್ಗೆ ಅಕ್ಕಲಕೋಟದ ಮನೆಯಲ್ಲಿ ನಾನು ಅತ್ತೆಯ ತಲೆ ಬಾಚುತ್ತಿದ್ದೆ. ಮನೆಯ ಹುಡುಗಿ ಯಾರೋ ಬಂದು ಬೀದಿಯ ಕಿಟಕಿ ತೆರೆದು ಹೋದಳು. ಅತ್ತೆ ತಟ್ಟನೆ ಎಡಕ್ಕೆ ತಿರುಗಿದರು.

‘ಕಿಡಕಿ ತೆರದ್ರಲ್ಲ? ಬೆಳಕ ಬಿತ್ತು.’

‘ಸಪ್ಪಳ ಕೇಳಿ ಹೇಳಿದ್ರೇನ್ರಿ?’

‘ಅಲ್ಲ. ಬೆಳಕ ಕಾಣ್ತದ ನನಗ. ಇದ್ದರ ಕಾಣ್ತದ, ಇಲ್ಲಂದ್ರ ಇಲ್ಲ.’ ಇದೇನು ದೊಡ್ಡ ಮಾತು ಎಂಬಂತೆ ಅವರು ತಲೆಯನ್ನು ಮತ್ತೆ ಬಾಚಣಿಕೆಗೆ ಒಡ್ಡಿದರು.

ಧರ್ಮಶಾಲೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಬಂದ ಮುದುಕರು, ಮುದುಕಿಯರು, ಮಡಿಲಲ್ಲಿ ರೊಟ್ಟಿಗಂಟು ಇಟ್ಟುಕೊಂಡು ಕೂತಿದ್ದರು. ಡಾಕ್ಟರು ನಡುವಯಸ್ಸಿನ ಎತ್ತರದ ಮನುಷ್ಯ. ಅವರಿಗೆ ತಮಿಳು, ಇಂಗ್ಲಿಷ್ ಎರಡೇ ಬರುತ್ತಿದ್ದವು. ಪಕ್ಕದಲ್ಲಿ ನಿಂತ ಕಂಪೌಂಡರ ರೋಗಿಗಳನ್ನು ಮರಾಠಿಯಲ್ಲಿ ಕೇಳಿ, ಹೌದು, ಇಲ್ಲ, ಎಂಬಷ್ಟನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದ.

ನಮ್ಮ ಸರದಿ ಬಂತು. ಬಿಸಿಲು ನೇರ ಪಡಸಾಲೆಗೇ ಬೀಳುತ್ತಿತ್ತು. ಡಾಕ್ಟರು ಅತ್ತೆಯ ರೆಪ್ಪೆಗಳನ್ನು ಎತ್ತಿ ನೋಡಿ ಟಾರ್ಚು ಹಿಡಿದರು.

‘ಏನರೆ ದಿಸ್ತದೇನಜ್ಜಿ?’ ಎಂದು ಕಂಪೌಂಡರ ಮರಾಠಿ ಬೆರೆಸಿದ ಅರೆಗನ್ನಡದಲ್ಲಿ ಕೇಳಿದ.

‘ಏನೂ ಕಾಣೂದಿಲ್ಲಪಾ’ ಎಂದರು ಅತ್ತೆ.

ಕಂಪೌಂಡರ ‘ನಥಿಂಗ್’ ಎಂದ. ಡಾಕ್ಟರು ತಲೆಯಾಡಿಸಿ ಮುಂದಿನವರತ್ತ ಕೈ ಮಾಡಿದರು. ಬೆಳಕೂ ಕಾಣದ ಕಣ್ಣಿಗೆ ಚಾಕು ಹಾಕಿ ಉಪಯೋಗವಿಲ್ಲವೆಂದು ಕಂಪೌಂಡರ ನನಗೆ ಮೆಲ್ಲಗೆ ತಿಳಿಸಿದ. ಅತ್ತೆ ಸುಳ್ಳು ಹೇಳಿರಲಿಲ್ಲ. ಕಾಣುವುದು ಎಂದರೆ ಅವರಿಗೆ ಮುಖ ಕಾಣುವುದು, ಚಾದರದ ಬಣ್ಣ ಕಾಣುವುದು. ಬರೀ ಬೆಳಕನ್ನು ಅವರು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಅದುವರೆಗೆ ನಾನು ಬಾಯಿಯ ಮುಂದೆ ಬಿಟ್ಟು ಬೇರೆ ಯಾರ ಮುಂದೆಯೂ ಇಂಗ್ಲಿಷ್ ಆಡಿದವಳಲ್ಲ. ಮನಸ್ಸಿನಲ್ಲಿ ವಾಕ್ಯ ಕಟ್ಟಿದೆ. ಅತ್ತೆ ಬೆಳಿಗ್ಗೆ ಹೇಳಿದ್ದು, ಆದ್ದರಿಂದ ಸೆಡ್. ಸೆಡ್ ಬಂದರೆ ಕ್ಯಾನ್ ಹೋಗಿ ಕುಡ್. ಎಲ್ಲ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಗಟ್ಟಿಯಾಗಿ ಅಂದೆ.

‘ಡಾಕ್ಟರ್, ಶಿ ಸೆಡ್ ದಟ್ ಶಿ ಕುಡ್ ಸೀ ಲೈಟ್.’

ಡಾಕ್ಟರು ತಿರುಗಿ ನನ್ನನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ‘ಹೌದಮ್ಮ’ ಎಂದು ಇಂಗ್ಲಿಷಿನಲ್ಲೇ, ನನಗೆ ತಿಳಿಯುವ ಹಾಗೆ ನಿಧಾನವಾಗಿ ಹೇಳಿದರು. ‘ಇಲ್ಲಿ ಕೂತವರಿಗೆಲ್ಲ ಒಂದು ಕಾಲಕ್ಕೆ ಕಾಣುತ್ತಿತ್ತು.’

ವ್ಯಾಕರಣದಲ್ಲಿ ತಪ್ಪಿರಲಿಲ್ಲ. ಆದರೆ ಅವರಿಗೆ ಮುಟ್ಟಿದ್ದು ಬೇರೆಯೇ. ಅಷ್ಟರಲ್ಲಿ ಅತ್ತೆ ನನ್ನ ಸೆರಗು ಜಗ್ಗಿದರು.

‘ಏನಂದ್ರು?’

‘ಬೆಳಕ ಮೊದಲ ಕಾಣ್ತಿತ್ತು ಅಂತ ತಿಳಕೊಂಡಾರರಿ.’

‘ಕಾಣ್ತಿತ್ತು ಅಲ್ಲ, ಕಾಣ್ತದ.’ ಅತ್ತೆ ದನಿ ಏರಿಸಲಿಲ್ಲ. ‘ನೀ ಯಾಕ ಅದನ್ನ ಹಿಂದ ಸರಸಿದಿ? ಸೂರ್ಯಾನ ಮಾತ ಸರಸೂದಿಲ್ಲ ಅಂತ ನೀನs ಹೇಳಿದ್ದ್ಯಲ್ಲ? ಇನ್ನೂ ಖರೇ ಇದ್ದದ್ದನ್ನ ಸರಸಬಾರದಲ್ಲ?’

ಆ ಗಲಾಟೆಯ ನಡುವೆ, ಪರಭಾಷೆಯ ಒಂದು ಶಬ್ದವೂ ಬಾರದ ಆ ಹೆಂಗಸು, ತನ್ನ ಕಣ್ಣು ಕೈಬಿಟ್ಟುಹೋಗುವ ಗಳಿಗೆಯಲ್ಲಿ, ನಾನೆಂದೋ ಶೇಂಗಾ ಒಡೆಯುತ್ತ ಹೇಳಿದ್ದನ್ನು ತೆಗೆದು ನನ್ನ ಕೈಗಿಟ್ಟಿದ್ದರು. ಅವರ ಮುಖವನ್ನೇ ನೋಡಿದೆ. ಅದರಲ್ಲಿ ಗಾಬರಿ ಇರಲಿಲ್ಲ. ಒಂದು ಮಾತು ತನ್ನ ಜಾಗ ಬಿಟ್ಟಿದೆ, ಅದನ್ನು ಜಾಗಕ್ಕೆ ತರಬೇಕು, ಅಷ್ಟೇ ಎಂಬಂತೆ ಕೂತಿದ್ದರು.

ನಾನು ಮುಂದಿನ ರೋಗಿಯನ್ನು ದಾಟಿ ಡಾಕ್ಟರ ಎದುರಿಗೇ ಹೋಗಿ ನಿಂತೆ.

‘ಡಾಕ್ಟರ್. ದಿಸ್ ಮಾರ್ನಿಂಗ್ ಶಿ ಸೆಡ್ ದಟ್ ಶಿ ಕ್ಯಾನ್ ಸೀ ಲೈಟ್. ಕ್ಯಾನ್.’

ಅವರ ಕೈಯಲ್ಲಿದ್ದ ಟಾರ್ಚು ತಡೆಯಿತು. ‘ಕ್ಯಾನ್?’ ಎಂದು ಕೇಳಿದರು.

‘ಕ್ಯಾನ್’ ಎಂದೆ.

ಅವರು ಎದ್ದರು. ಒಳಗಿನ ಒಂದು ಖೋಲಿಗೆ ಅತ್ತೆಯನ್ನು ಕರೆದೊಯ್ದು ಕಿಟಕಿ, ಬಾಗಿಲು ಎಲ್ಲ ಮುಚ್ಚಿಸಿದರು. ಹಾಡುಹಗಲಲ್ಲೂ ಖೋಲಿ ಕತ್ತಲಾಯಿತು. ಟಾರ್ಚನ್ನು ಒಂದು ಕಡೆಯಿಂದ ಹಿಡಿದು, ಬೆಳಕು ಎಲ್ಲಿಂದ ಬರುತ್ತಿದೆ ಕೇಳು ಎಂದರು.

‘ಅತ್ತಿ, ಬೆಳಕ ಯಾವ ಕಡೆ ಅದರಿ?’

‘ಬಲಕ್ಕ.’

‘ಶಿ ಸೇಸ್ ಇಟ್ ಈಸ್ ಆನ್ ದ ರೈಟ್.’

‘ಈಗ ಮ್ಯಾಲ. ಈಗ ತೆಳಗ. ಈಗ... ಈಗ ಇಲ್ಲ, ಆರಸ್ಯಾರ.’

ಡಾಕ್ಟರು ಟಾರ್ಚು ಆರಿಸಿದ್ದು ನಿಜವಾಗಿತ್ತು. ನಾನು ಪ್ರತಿ ಸಲ ‘ಶಿ ಸೇಸ್’ ಎನ್ನುತ್ತಿದ್ದೆ. ಈ ‘ಹೇಳುತ್ತಾರೆ’ಯಲ್ಲಿ ಕಾಲ ಸರಿಸುವ ಗೊಡವೆಯೇ ಇರಲಿಲ್ಲ. ಅತ್ತೆಯ ‘ಅದ’ ನನ್ನ ಬಾಯಲ್ಲಿ ‘ಈಸ್’ ಆಗಿ, ಬಿಸಿ ಆರುವ ಮೊದಲೇ ಡಾಕ್ಟರಿಗೆ ಮುಟ್ಟುತ್ತಿತ್ತು. ಕತ್ತಲಲ್ಲಿ ಒಬ್ಬರಿಗೊಬ್ಬರು ಕಾಣದ ನಮ್ಮ ಮೂವರ ನಡುವೆ ಆ ಸಣ್ಣ ಬೆಳಕು ಅತ್ತಿತ್ತ ಹೋಗುತ್ತಿತ್ತು. ಅದನ್ನು ಹಿಂಬಾಲಿಸುತ್ತಿದ್ದದ್ದು ಕುರುಡಾಗಿದೆ ಎಂದು ನಾವೆಲ್ಲ ನಂಬಿದ್ದ ಕಣ್ಣು. ನನ್ನ ಕೊನೆಯ ವಾಕ್ಯ ಅರ್ಧಕ್ಕೇ ನಿಂತಿತು.

ಬಾಗಿಲು ತೆರೆದ ಮೇಲೆ ಡಾಕ್ಟರು ಅಂದರು, ‘ಇವತ್ತೇ ಮಾಡೋಣ. ನೀನು ಮಾತ್ರ ಇಲ್ಲೇ ಇರು. ಕನ್ನಡದವರು ಇನ್ನೂ ಬಹಳ ಜನ ಇದ್ದಾರೆ.’

ಹೀಗೆ ನಾನು ಆ ದಿನವೆಲ್ಲ ಅವರ ಪಕ್ಕದಲ್ಲಿ ನಿಂತೆ. ಕಂಪೌಂಡರನಿಗೂ ಹಗುರಾಯಿತು, ಮರಾಠಿಯವರು ಅವನಿಗೆ, ಕನ್ನಡದವರು ನನಗೆ. ‘ಕಾಣ್ತದೇನು’ ಎಂದು ನಾನು ಯಾರನ್ನೂ ಕೇಳಲಿಲ್ಲ. ‘ಬೆಳಕ ಗೊತ್ತಾಗ್ತದೇನರಿ’ ಎಂದು ಕೇಳಿದೆ. ಸಲಗರ ಕಡೆಯ ಒಬ್ಬ ಮುದುಕ, ‘ಗೊತ್ತಾಗ್ತದವಾ, ಅದೊಂದರ ಮ್ಯಾಲೇ ಹೊಲಕ್ಕ ಹೋಗಿ ಬರ್ತೀನಿ’ ಎಂದ. ಅದನ್ನೂ ಇದ್ದ ಹಾಗೇ ಹೇಳಿದೆ. ಡಾಕ್ಟರು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಮುದುಕನನ್ನು ಸ್ವಲ್ಪ ಹೊತ್ತು ನೋಡುತ್ತಲೇ ಇದ್ದರು.

ಸಂಜೆಯ ಹೊತ್ತಿಗೆ ಅತ್ತೆಯ ಶಸ್ತ್ರಕ್ರಿಯೆ ಮುಗಿದಿತ್ತು. ಧರ್ಮಶಾಲೆಯ ದೊಡ್ಡ ಖೋಲಿಯಲ್ಲಿ ಚಾಪೆಗಳ ಸಾಲು, ಸಾಲಿನ ತುಂಬ ಪಟ್ಟಿ ಕಟ್ಟಿದ ಕಣ್ಣುಗಳು. ತಲೆ ಅಲ್ಲಾಡಿಸುವಂತಿಲ್ಲ, ಕೆಮ್ಮುವಂತಿಲ್ಲ, ಅಗಿದು ತಿನ್ನುವಂತಿಲ್ಲ. ತೆಳ್ಳಗೆ ಕಾಸಿದ ಗಂಜಿಯನ್ನು ಚಮಚೆಯಿಂದ ಕುಡಿಸುತ್ತಿದ್ದೆ. ಅತ್ತೆಯ ಅಣ್ಣ ಬಂದು ಹಳೆಯ ಮಾತು ತೆಗೆದು ನಗಿಸಲು ನೋಡಿದರೆ, ‘ಇವರನ್ನ ಹೊರಗ ಕಳಸ ತಂಗಿ, ಕಣ್ಣ ಕಳೀತಾರ’ ಎಂದು ಅತ್ತೆ ತುಟಿ ಮಾತ್ರ ಅಲ್ಲಾಡಿಸಿ ನನಗೆ ಹೇಳುತ್ತಿದ್ದರು.

ಪಟ್ಟಿ ಬಿಚ್ಚುವ ಬೆಳಿಗ್ಗೆ ಡಾಕ್ಟರು ಒಂದೊಂದೇ ಚಾಪೆ ದಾಟುತ್ತ ಬಂದರು. ಅತ್ತೆಯ ಕಣ್ಣಿನ ಅರಳೆ ತೆಗೆದು, ಒದ್ದೆ ಬಟ್ಟೆಯಿಂದ ರೆಪ್ಪೆ ಒರೆಸಿ, ದಪ್ಪನೆಯ ದುಂಡು ಕನ್ನಡಕದ ಕಾಚೊಂದನ್ನು ಆ ಕಣ್ಣಿನ ಮುಂದೆ ಹಿಡಿದರು. ಎಷ್ಟು ಬೆರಳು ಕೇಳು ಎಂದು ನನಗೆ ಸನ್ನೆ ಮಾಡಿದರು.

ನಾನು ಕೇಳುವ ಮೊದಲೇ ಅತ್ತೆ ಬೆರಳು ಬಿಟ್ಟು ನನ್ನ ಕಡೆ ನೋಡುತ್ತಿದ್ದರು. ಅವರು ನನ್ನತ್ತ ಮುಖ ಮಾಡಿದ್ದು ಎಷ್ಟೋ ಸಲ. ಈ ಸಲ ಆ ನೋಟ ಬಂದು ನನ್ನ ಮೇಲೆ ನಿಂತಿತು. ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಕಾಲಿನ ತನಕ ಇಳಿಯಿತು.

‘ಇಷ್ಟ ಗಿಡ್ಡ ಇದ್ದೀಯೇನ ನೀ?’ ಎಂದರು ಅತ್ತೆ. ‘ದನಿ ಕೇಳಿ ಎತ್ತರ ಇದ್ದಿ ಅಂತ ತಿಳದಿದ್ದೆ!’

ಡಾಕ್ಟರು ನನ್ನ ಮುಖ ನೋಡಿದರು, ಏನಂತೆ ಎಂದು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ. ‘ಶಿ ಸೇಸ್ ಐ ಆಮ್ ಶಾರ್ಟ್’ ಎಂದೆ. ಅವರು ಗಟ್ಟಿಯಾಗಿ ನಕ್ಕುಬಿಟ್ಟರು. ಪಟ್ಟಿ ಕಟ್ಟಿಕೊಂಡು ಮಲಗಿದ್ದ ಸಾಲಿನವರೆಲ್ಲ ಏನಾಯಿತು, ಏನಾಯಿತು ಎಂದು ಕೇಳತೊಡಗಿದರು.

‘ಸೊಸಿ ಕಂಡಳಂತ’ ಎಂದು ಯಾರೋ ಹೇಳಿದರು. ಆ ಸುದ್ದಿ ಚಾಪೆಯಿಂದ ಚಾಪೆಗೆ ಹೋಯಿತು. ಕೊನೆಯ ಚಾಪೆಯಲ್ಲಿದ್ದ ಮುದುಕಿ ಅದನ್ನು ಕೇಳಿ, ಕಣ್ಣು ಕಟ್ಟಿದಂತೆಯೇ ಎರಡೂ ಕೈ ಎತ್ತಿ ಮುಗಿದಳು.

ಊರಿಗೆ ಮರಳಿದ ಮೇಲೆ ನಾನು ಬಾಯಿಗೆ ಎಲ್ಲವನ್ನೂ ಹೇಳಿದೆ. ‘ಇಲ್ಲಿ ಕೂತವರಿಗೆಲ್ಲ ಒಂದು ಕಾಲಕ್ಕೆ ಕಾಣುತ್ತಿತ್ತು’ ಎಂಬ ಡಾಕ್ಟರ ಮಾತಿಗೆ ಬಂದಾಗ ಅವರು ಕಣ್ಣು ಮುಚ್ಚಿಕೊಂಡರು. ಮುಂದಿನದನ್ನೆಲ್ಲ ಕೇಳಿದರು. ಆಮೇಲೆ, ‘ನಿನ್ನ ಅತ್ತೆಯವರನ್ನು ನಾನು ನೋಡಬೇಕು’ ಎಂದರು. ಮರುದಿನವೇ ಬಂದರು. ಇಬ್ಬರೂ ನಡುಮನೆಯಲ್ಲಿ ಕೂತು, ಒಬ್ಬರು ಮರಾಠಿಯಲ್ಲಿ, ಒಬ್ಬರು ಕನ್ನಡದಲ್ಲಿ, ನನ್ನನ್ನು ನಡುವೆ ಕರೆಯದೆ ಸಂಜೆಯ ತನಕ ಮಾತಾಡಿದರು.

ಒಂದು ತಿಂಗಳ ಮೇಲೆ ಕಾಯಂ ಕನ್ನಡಕ ಬಂತು. ಅದರ ಕಾಚು ಎಷ್ಟು ದಪ್ಪವೆಂದರೆ ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಬಾಗಿ ಕಾಣುತ್ತದೆ ಎಂದು ಅತ್ತೆ ಹೇಳುತ್ತಿದ್ದರು. ಚಹಾವನ್ನು ಕಪ್ಪು-ಬಸಿಯ ಪಕ್ಕಕ್ಕೆ ಸುರಿದುಕೊಳ್ಳುತ್ತಿದ್ದರು. ಆದರೂ ದಿನಕ್ಕೊಂದು ಹಟ. ಮಾಳಿಗೆ ಹತ್ತಬೇಕು, ಪೇಟೆ ನೋಡಬೇಕು. ಆ ಕನ್ನಡಕ ಹಾಕಿಕೊಂಡೇ ಇನ್ನೊಮ್ಮೆ ಕಣ್ಣು ತೋರಿಸಿಕೊಂಡು ಅಕ್ಕಲಕೋಟದಿಂದ ಮರಳುವಾಗ, ಊರು ಸಮೀಪಿಸಿದಂತೆ ರಸ್ತೆಯ ಪಕ್ಕ ಎಂಐಡಿಸಿ ಕೈಗಾರಿಕಾ ವಸಾಹತಿನ ಹೊಸ ಶೆಡ್ಡುಗಳು ಕಾಣಿಸಿಕೊಂಡವು. ಅವರ ಕಣ್ಣು ಹೋದಾಗ ಅಲ್ಲಿ ಬರೀ ಬಯಲಿತ್ತು.

‘ಅವೇನ?’

‘ಮಗ್ಗದ ಕಾರಖಾನಿ ಅವರಿ. ಕರೆಂಟಿನ ಮಗ್ಗ.’

‘ಇಳಿ’ ಎಂದರು ಅತ್ತೆ. ಬಸ್ಸು ನಿಲ್ಲಿಸಿ ಇಳಿದೇ ಬಿಟ್ಟೆವು. ನಮ್ಮ ಅಂಗಡಿಗೆ ಮಾಲು ಕಳಿಸುವವರ ಪರಿಚಯ ಹೇಳಿ, ಒಂದು ಶೆಡ್ಡಿನ ಬಾಗಿಲಲ್ಲಿ ನಿಂತೆವು. ಒಳಗೆ ಕಿವಿ ಕಿವುಡಾಗುವ ಸದ್ದು. ಲಾಳಿಗಳು ಕಣ್ಣಿಗೆ ಸಿಗದಷ್ಟು ಬೇಗ ಅತ್ತಿಂದಿತ್ತ ಹಾರುತ್ತಿದ್ದವು, ಕೆಂಪು ಚಾದರವೊಂದು ತನ್ನಷ್ಟಕ್ಕೆ ತಾನೇ ಮುಂದೆ ಮುಂದೆ ಬರುತ್ತಿತ್ತು. ಬೆರಳ ತುದಿಯಲ್ಲಿ ಇಡೀ ಪೇಟೆಯ ನೂಲು ಬಲ್ಲ ಅತ್ತೆ ಕನ್ನಡಕವನ್ನು ಒಂದು ಕೈಯಿಂದ ಹಿಡಿದುಕೊಂಡು ಬಾಗಿಲ ಚೌಕಟ್ಟಿಗೆ ಒರಗಿದರು. ನಾನು ಹೋಗೋಣ ಎಂದು ಎರಡು ಸಲ ತೋಳು ಮುಟ್ಟಿದೆ. ಅವರಿಗೆ ತಿಳಿಯಲಿಲ್ಲ. ಬಾಯಿ ಅರ್ಧ ತೆರೆದು, ಆ ಕೆಂಪು ಚಾದರ ಪೂರ್ತಿ ನೇಯ್ದು ಕತ್ತರಿಸಿ ತೆಗೆಯುವ ತನಕ, ನಿಂತಲ್ಲೇ ನಿಂತು ನೋಡಿದರು.